ಸಹಾಯ ಬೇಕು: ಸ್ಪ್ಯಾನಿಷ್ ಚಿತ್ರ ‘ದೀಯಾಸ್ ಕೊಂತಾದೋಸ್’ಗೆ ಕನ್ನಡ ಸಬ್‌ಟೈಟಲ್

ಎಲ್ಲರಿಗೂ ನಮಸ್ಕಾರ. ಇಮಾನೊಲ್ ಉರಿಬೆ ನಿರ್ದೇಶಿಸಿದ 1994ರ ಈ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ತಯಾರಾಗುತ್ತಿದೆ. ದಾಳಿ ನಡೆಸಲು ಮ್ಯಾಡ್ರಿಡ್‌ಗೆ ಬಂದ ಬಾಸ್ಕ್ ಉಗ್ರ ಸಂಘಟನೆ ಎಟಾದ ಆಂತೋನಿಯೊ, ಪಕ್ಕದ ಮನೆಯ ಹೆರಾಯಿನ್ ವ್ಯಸನಿ ಚಾರೊ, ಇವರಿಬ್ಬರ ಉಳಿಯದ ಪ್ರೀತಿ. ಸ್ಪ್ಯಾನಿಷ್ ಬಲ್ಲವರ ನೆರವು ತುರ್ತಾಗಿ ಬೇಕು.

ದೊಡ್ಡ ತೊಡಕು ಬೀದಿಮಾತು. ಅಲ್ಲಿ ‘ಕಬಾಯೊ’ ಎಂದರೆ ಬರೀ ಕುದುರೆಯಲ್ಲ, ಹೆರಾಯಿನ್ ಕೂಡ. ‘ಮೋನೊ’ ಎಂದರೆ ಕೋತಿಯಷ್ಟೇ ಅಲ್ಲ, ಮಾಲು ಸಿಗದಾಗಿನ ನರಳಾಟ. ‘ಮಾದಕ ದ್ರವ್ಯ’ ಪತ್ರಿಕೆಯ ಮಾತು, ಚಾರೊ ಬಾಯಲ್ಲಿ ಒಪ್ಪುವುದಿಲ್ಲ. ‘ಮಾಲು’ ಸಾಕೇ? ಇನ್ನೂ ಒರಟು ಪದ ಇದ್ದರೆ ತಿಳಿಸಿ.

ಇಂಗ್ಲಿಷ್ ಸಬ್‌ಟೈಟಲ್‌ನಿಂದ ಅನುವಾದಿಸಬೇಡಿ. ಸ್ಪ್ಯಾನಿಷ್‌ನ ‘ತೂ’ (ನೀನು), ‘ಉಸ್ತೆದ್’ (ನೀವು) ಎರಡೂ ಅಲ್ಲಿ ಒಂದೇ ಪದವಾಗಿ, ನೀನು–ನೀವು ಭೇದ ಅಳಿಸಿಹೋಗುತ್ತದೆ. ಧ್ವನಿ ಕೇಳಿ, ಯಾರು ಯಾರಿಗೆ ಏನೆಂದರು ಎಂದು ನಿಮಿಷ–ಸೆಕೆಂಡ್ ಸಮೇತ ಬರೆಯಿರಿ.

ಸಮಯ ಹೊಂದಿಸುವವರಿಗೆ: ಸೆಕೆಂಡಿಗೆ 25 ಫ್ರೇಮ್‌ (ಚಿತ್ರಚೌಕಟ್ಟು) ಓಡುವ ಡಿವಿಡಿಗೆ ಮಾಡಿದ ಸಬ್‌ಟೈಟಲ್ ಫೈಲನ್ನು 23.976 ಫ್ರೇಮ್‌ನ ವಿಡಿಯೊಗೆ ಹಾಕಿದರೆ, ಗಂಟೆ ಕಳೆಯುವಷ್ಟರಲ್ಲಿ ಸಾಲುಗಳು ಸುಮಾರು ಎರಡೂವರೆ ನಿಮಿಷ ಮುಂಚೆಯೇ ಬರುತ್ತವೆ. ಸೆಕೆಂಡ್ ಹಿಂದೆ ಮುಂದೆ ಸರಿಸಿದರೆ ಇದು ಸರಿಹೋಗದು, ಫ್ರೇಮ್ ದರವನ್ನೇ ಬದಲಿಸಬೇಕು. ಫೈಲು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಇರಲಿ, ಇಲ್ಲದಿದ್ದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಒಮ್ಮೆಗೆ ಎರಡೇ ಸಾಲು. ಕೆಳಗಿನ ಸಾಲಿನ ಒತ್ತಕ್ಷರ ಕತ್ತರಿಸದಂತೆ ಅಂಚಿನಿಂದ ತುಸು ಮೇಲಿಡಿ.

ಶೀರ್ಷಿಕೆಗೆ ಸದ್ಯ ‘ಎಣಿಸಿಟ್ಟ ದಿನಗಳು’. ಇದಕ್ಕಿಂತ ಒಳ್ಳೆಯದು ಹೊಳೆದರೆ ಕೆಳಗೆ ಬರೆಯಿರಿ.