ಸಾಲಿನ ಕೊನೆಯ ಪದಕ್ಕೆ ಮಾತ್ರ ಎಕೋ: ರೀಪರ್‌ನಲ್ಲಿ ಆಟೊಮೇಷನ್ ಮಾಡುವುದು ಹೇಗೆ?

ಪ್ರಶ್ನೆ:
ರೀಪರ್ (ಧ್ವನಿಮುದ್ರಣದ ತಂತ್ರಾಂಶ) ಬಳಸುತ್ತೇನೆ. ಗಾಯನದ ಟ್ರ್ಯಾಕ್ ಮೇಲೆಯೇ ಅದರ ಎಕೋ ಪ್ಲಗಿನ್ ರಿಯಾಡಿಲೇ ಹಾಕಿದ್ದೇನೆ. ಟೆಂಪೊ ನಿಮಿಷಕ್ಕೆ 96 ಬೀಟ್, ಎಕೋ ಒಂದು ಬೀಟ್‌ನಷ್ಟು ದೂರ. ರೈಟ್ ಮೋಡ್‌ನಲ್ಲಿ (ಸ್ಲೈಡರ್‌ನ ಚಲನೆಯನ್ನು ದಾಖಲಿಸುವ ಮೋಡ್) ಪ್ಲೇ ಮಾಡುತ್ತಾ, ಬೇಕಾದ ಪದ ಬಂದಾಗ ವೆಟ್ (ಎಕೋದ ಮಟ್ಟ) ಏರಿಸಿ ಆಮೇಲೆ ಇಳಿಸಿದೆ. ಇಳಿಸಿದ ಕೂಡಲೇ ಎಕೋ ಕತ್ತರಿಸಿದ ಹಾಗೆ ನಿಂತುಹೋಗುತ್ತದೆ. ಅಲ್ಲಲ್ಲಿ ಟಕ್ ಎಂಬ ಸದ್ದೂ ಇದೆ. ರೀಡ್ ಮೋಡ್‌ಗೆ (ದಾಖಲಾದದ್ದನ್ನು ಹಾಗೇ ನಡೆಸುವ ಮೋಡ್) ಬಂದ ಮೇಲೆ ಸ್ಲೈಡರ್ ಎಲ್ಲಿಗೆ ಎಳೆದರೂ ಪ್ಲೇ ಒತ್ತಿದರೆ ಹಳೆಯ ಜಾಗಕ್ಕೇ ಹೋಗುತ್ತದೆ. ಎಲ್ಲಿ ತಪ್ಪಿದೆ?

ಉತ್ತರ 1:
ವೆಟ್ ಎಂಬುದು ಡಿಲೇಯಿಂದ ಹೊರಬರುವ ಸದ್ದಿನ ಮಟ್ಟ. ಅದನ್ನು ಇಳಿಸಿದರೆ ಆಗಲೇ ಒಳಗೆ ಸುತ್ತುತ್ತಿರುವ ಎಕೋ ಕೂಡ ಕೇಳಿಸದು. ನೀವು ತೆರೆದು ಮುಚ್ಚಬೇಕಾದ್ದು ಒಳಹೋಗುವ ಬಾಗಿಲನ್ನು, ಅಂದರೆ ಸೆಂಡ್ ಅನ್ನು (ಒಂದು ಟ್ರ್ಯಾಕ್‌ನ ಸದ್ದನ್ನು ಇನ್ನೊಂದಕ್ಕೆ ಕಳಿಸುವ ದಾರಿ). ಬೈಪಾಸ್ (ಪ್ಲಗಿನ್ ಅನ್ನು ಬದಿಗೊತ್ತುವ ಸ್ವಿಚ್) ಅನ್ನು ಆಟೊಮೇಟ್ ಮಾಡಿದರೂ ಇದೇ ಗತಿ.

ಹೊಸ ಟ್ರ್ಯಾಕ್ ಮಾಡಿ, ರಿಯಾಡಿಲೇ ಅಲ್ಲಿಗೆ ಹಾಕಿ. ಡ್ರೈ (ಎಕೋ ಇಲ್ಲದ ಮೂಲ ಸದ್ದು) ಪೂರ್ತಿ ಕೆಳಗೆ, ವೆಟ್ 0 ಡಿಬಿ (ಡೆಸಿಬೆಲ್). ಗಾಯನದ ಟ್ರ್ಯಾಕ್‌ನಿಂದ ಇದಕ್ಕೆ ಸೆಂಡ್ ಕೊಟ್ಟು, ಗಾಯನದ ಟ್ರ್ಯಾಕ್‌ನ ಎನ್ವಲಪ್ (ಬೆಲೆ ಕಾಲಕ್ಕೆ ತಕ್ಕಂತೆ ಏರಿಳಿಯುವುದನ್ನು ತೋರಿಸುವ ಗೆರೆ) ಬಟನ್ ಒತ್ತಿ ಸೆಂಡ್ ವಾಲ್ಯೂಮ್ ಆರಿಸಿ. ಗೆರೆಯನ್ನು ಪೂರ್ತಿ ಕೆಳಗೆ ಎಳೆಯಿರಿ. ಪದದ ಮೇಲೆ ಟೈಮ್ ಸೆಲೆಕ್ಷನ್ ಮಾಡಿ, ಆಕ್ಷನ್ ಲಿಸ್ಟ್‌ನಲ್ಲಿ ‘ಇನ್ಸರ್ಟ್ 4 ಎನ್ವಲಪ್ ಪಾಯಿಂಟ್ಸ್ ಅಟ್ ಟೈಮ್ ಸೆಲೆಕ್ಷನ್’ ಹುಡುಕಿ ಓಡಿಸಿ, ನಡುವಿನ ಗೆರೆಯನ್ನು ಮೇಲೆತ್ತಿ. ಎರಡೂ ತುದಿಗಳಲ್ಲಿ ಏರಿಳಿತಕ್ಕೆ 10ರಿಂದ 20 ಮಿಲಿಸೆಕೆಂಡ್ ಇಳಿಜಾರು ಇರಲಿ. ನೆಟ್ಟಗೆ ಏರಿಸಿದರೆ ತರಂಗ ನಡುವೆಯೇ ತುಂಡಾಗುತ್ತದೆ, ಆ ಟಕ್ ಬರುವುದು ಅದರಿಂದಲೇ.

ಪದ ಸ, ಶ ಅಕ್ಷರಗಳಿಂದ ಶುರುವಾದರೆ ಸ್ವರ ಬಂದ ಮೇಲೆ ಸೆಂಡ್ ತೆರೆಯಿರಿ, ಇಲ್ಲವಾದರೆ ಆ ಸೀತ್ಕಾರ ಪ್ರತಿ ಎಕೋದಲ್ಲೂ ಮರುಕಳಿಸಿ ಕಿವಿಗೆ ಚುಚ್ಚುತ್ತದೆ.

ಉತ್ತರ 2:
ಸ್ಲೈಡರ್ ವಿಷಯ: ರೀಡ್‌ನಲ್ಲಿ ಎನ್ವಲಪ್ ಹೇಳಿದ್ದೇ ನಡೆಯುತ್ತದೆ. ಹಳೆಯ ವೆಟ್ ಎನ್ವಲಪ್ ಅಳಿಸಿಬಿಡಿ. ಇನ್ನು ರೈಟ್ ಮೋಡ್ ಬೇಡವೇ ಬೇಡ. ಅದು ಪ್ಲೇ ಆದ ಕ್ಷಣದಿಂದ ಆರ್ಮ್ ಆಗಿರುವ (ಬರೆಯಲು ಸಿದ್ಧವಾಗಿರುವ) ಎಲ್ಲ ಎನ್ವಲಪ್‌ಗಳ ಮೇಲೂ ಬರೆಯುತ್ತದೆ, ಮರೆತು ಇನ್ನೊಮ್ಮೆ ಪ್ಲೇ ಮಾಡಿದರೆ ಹಿಂದಿನ ಕೆಲಸವೆಲ್ಲ ಹೋಯಿತು. ಕೈಯಿಂದಲೇ ಬರೆಯುವುದಾದರೆ ಟಚ್: ಬಿಟ್ಟ ಕೂಡಲೇ ಹಳೆಯ ಬೆಲೆಗೆ ಮರಳುತ್ತದೆ. ಲ್ಯಾಚ್ ಆದರೆ ನಿಲ್ಲಿಸುವವರೆಗೂ ಬಿಟ್ಟ ಜಾಗದಲ್ಲೇ ಉಳಿಯುತ್ತದೆ, ನಿಧಾನವಾಗಿ ತೆರೆಯುವ ಫಿಲ್ಟರ್‌ಗೆ ಅದು ಸರಿ.

ಡಿಲೇ ಸಮಯವನ್ನು ಮಾತ್ರ ಎಕೋ ಕೇಳುತ್ತಿರುವಾಗ ಆಟೊಮೇಟ್ ಮಾಡಬೇಡಿ. ಪ್ಲಗಿನ್ ಯಾವುದು ಎಂಬುದರ ಮೇಲೆ ಶ್ರುತಿ ಜಾರುತ್ತದೆ, ಇಲ್ಲವೇ ಕ್ಲಿಕ್ ಬರುತ್ತದೆ.

ಉತ್ತರ 3:
ಮೂರು ನಾಲ್ಕು ಪದಗಳಷ್ಟೇ ಇದ್ದರೆ ಆಟೊಮೇಷನ್ ಇಲ್ಲದೆಯೂ ಆಗುತ್ತದೆ: ಪದವನ್ನು ಕತ್ತರಿಸಿ, ಅದರ ನಕಲನ್ನು ಡಿಲೇ ಟ್ರ್ಯಾಕ್‌ನಲ್ಲಿ ಅದೇ ಜಾಗಕ್ಕೆ ಇಡಿ. ಆದರೆ ಗಾಯನದ ಟ್ರ್ಯಾಕ್‌ನ ಇಕ್ಯೂ (ಸದ್ದಿನ ಬಣ್ಣ ತಿದ್ದುವ ಪ್ಲಗಿನ್), ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಪ್ಲಗಿನ್) ಆ ನಕಲಿಗೆ ತಗುಲುವುದಿಲ್ಲ. ಮುಂದೆ ಗಾಯನವನ್ನು ಸರಿಸಿದರೆ ನಕಲು ಹಿಂದೆ ಉಳಿಯುತ್ತದೆ. ಸೆಂಡ್ ದಾರಿ ಹಿಡಿದರೆ ಆಪ್ಷನ್ಸ್ ಮೆನುವಿನಲ್ಲಿ ಎನ್ವಲಪ್ ಪಾಯಿಂಟ್‌ಗಳು ಐಟಂ (ಟ್ರ್ಯಾಕ್ ಮೇಲಿನ ಧ್ವನಿಯ ತುಣುಕು) ಜೊತೆ ಚಲಿಸುವ ಆಯ್ಕೆ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು:
ಸೆಂಡ್ ಕೆಲಸ ಮಾಡಿತು, ಎಕೋದ ಬಾಲ ಪೂರ್ತಿ ಕೇಳುತ್ತಿದೆ. ಈಗ ಎರಡನೇ ಎಕೋ ಮುಂದಿನ ಸಾಲಿನ ಮೊದಲ ಪದದ ಮೇಲೆ ಬೀಳುತ್ತಿದೆ.

ಉತ್ತರ 1:
96ರಲ್ಲಿ ಒಂದು ಬೀಟ್ 625 ಮಿಲಿಸೆಕೆಂಡ್ (60000 ÷ 96), ಎರಡನೆಯದು 1250ಕ್ಕೆ ಬರುತ್ತದೆ. ಫೀಡ್‌ಬ್ಯಾಕ್ (ಎಕೋ ಮರಳಿ ಡಿಲೇಯೊಳಗೆ ಹೋಗುವ ಮಟ್ಟ) -12 ಡಿಬಿ ಇಟ್ಟರೆ ಎರಡನೆಯದು ಮೊದಲನೆಯದಕ್ಕಿಂತ 12 ಡಿಬಿ ಮೆತ್ತಗಾಗುತ್ತದೆ. ಅಷ್ಟಕ್ಕೇ ಸಾಕಾಗಬಹುದು. ಸಾಲದಿದ್ದರೆ ರಿಯಾಡಿಲೇ ನಂತರ ರಿಯಾಕಾಂಪ್ (ರೀಪರ್‌ನ ಕಂಪ್ರೆಸರ್) ಹಾಕಿ, ಗಾಯನದ ಟ್ರ್ಯಾಕ್‌ನಿಂದ ಎರಡನೇ ಸೆಂಡ್ ಅನ್ನು 3/4 ಚಾನೆಲ್‌ಗೆ ಕೊಟ್ಟು, ಡಿಟೆಕ್ಟರ್ ಇನ್‌ಪುಟ್ (ಕಂಪ್ರೆಸರ್ ಆಲಿಸುವ ಸದ್ದು) ಅನ್ನು ಆಕ್ಸಿಲರಿ ಮಾಡಿ. ರೇಶಿಯೊ (ತಗ್ಗಿಸುವ ಪ್ರಮಾಣ) 4:1, ರಿಲೀಸ್ (ಮತ್ತೆ ಮೇಲೇರುವ ಸಮಯ) 200 ಮಿಲಿಸೆಕೆಂಡ್‌ನಿಂದ ಶುರು ಮಾಡಿ. ದನಿ ಬಂದಾಗ ಎಕೋ ತಾನೇ ತಗ್ಗುತ್ತದೆ. ಈ ಎರಡನೇ ಸೆಂಡ್‌ಗೆ ಎನ್ವಲಪ್ ಹಾಕಬೇಡಿ, ಅದು ಸದಾ 0 ಡಿಬಿಯಲ್ಲೇ ಇರಬೇಕು.