ಅಪ್‌ಡೇಟ್: ಬೊಂಡಾಸ್ ಮತ್ತು ಸಿಹಿಗುಂಬಳ ಕೊನೆಗೂ ಹೊಂದಿಕೊಂಡವು

ಮೈಸೂರಿನಲ್ಲಿ ಕೊಂಡ ಬೊಂಡಾಸ್, ಅಂದರೆ ಸ್ಕ್ವಿಡ್ ಮತ್ತು ಮಂಡ್ಯದಿಂದ ಅತ್ತೆ ಕಳುಹಿಸಿದ ಸಿಹಿಗುಂಬಳ ಎರಡನ್ನೂ ಸೇರಿಸಿ ಏನು ಮಾಡಬಹುದು, ಬೊಂಡಾಸ್ ರಬ್ಬರಿನಂತಾಗದಿರಲು ಏನುಪಾಯ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಫಲಿಸಿದ್ದು ಮಂಗಳೂರಿನವರೊಬ್ಬರು ಹೇಳಿದ ವಿಧಾನ: ಎರಡನ್ನೂ ಬೇರೆ ಬೇರೆ ಬೇಯಿಸಿ ಕೊನೆಗೆ ಕೂಡಿಸುವುದು. ಸಾಸಿವೆ, ಕರಿಬೇವು, ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆಗೆ ಕುಂಬಳದ ಹೋಳು ಹಾಕಿ, ನೀರು ಚಿಮುಕಿಸಿ ಮುಚ್ಚಿಟ್ಟೆ. ಹೋಳು ಒಡೆಯುವ ಮೊದಲೇ ಇಳಿಸಿದೆ. ಬಳೆಯಾಕಾರದಲ್ಲಿ ಹೆಚ್ಚಿದ ಬೊಂಡಾಸನ್ನು ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಗೆ ಸ್ವಲ್ಪ ಸ್ವಲ್ಪವೇ ಹಾಕಿ ದೊಡ್ಡ ಉರಿಯಲ್ಲಿ 2 ನಿಮಿಷ ಹುರಿದೆ. ಒಮ್ಮೆಲೇ ಸುರಿದರೆ ಅದು ನೀರು ಬಿಟ್ಟು, ಹುರಿಯುವ ಬದಲು ಬೇಯತೊಡಗುತ್ತದೆ. ಬೆಳ್ಳಗಾದ ಕೂಡಲೇ ಕುಂಬಳ, ಕುಟ್ಟಿದ ಕಾಳುಮೆಣಸು, ತೆಂಗಿನತುರಿ, ನಿಂಬೆರಸ ಸೇರಿಸಿದೆ. ಎಷ್ಟು ಮೃದುವಾಗಿತ್ತು! ಕುಂಬಳದ ಸಿಹಿಗೆ ಮೆಣಸಿನ ಖಾರವೇ ಸರಿಯಾದ ಜೋಡಿ. ಅಚ್ಚಖಾರದ ಪುಡಿ ಬೇಡ.

ಎರಡನ್ನೂ ಕುಕ್ಕರಿನಲ್ಲಿ ಒಂದು ಕೂಗು ಬೇಯಿಸುವ ಸಲಹೆ ಮಾತ್ರ ನಡೆಯಲಿಲ್ಲ. ಕುಂಬಳ ಕರಗಿಹೋಯಿತು, ಬೊಂಡಾಸ್ ಜಗಿಯಲಾಗಲಿಲ್ಲ.

ನನಗೆ ಅಚ್ಚರಿಯಾದ ಸಂಗತಿ ಬೇರೆಯೇ ಇದೆ. ಹೀಗೆ ಗಟ್ಟಿಯಾದ ಬೊಂಡಾಸನ್ನು ಎಸೆಯಬೇಕಿಲ್ಲ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಕರಗಿದ ಕುಂಬಳದ ಜೊತೆಗೇ ಹುಣಸೆರಸ, ಹುರಿದು ರುಬ್ಬಿದ ಮಸಾಲೆ ಹಾಕಿ ಕುದಿಸಿದೆ. ಮಂದವಾದ ಸಾರಾಯಿತು, ರಾಗಿ ಮುದ್ದೆಗೆ ಬಹಳ ಚೆನ್ನಾಗಿತ್ತು.