ಸತ್ಯವೇದ ಓದಿದ್ದು ಬದುಕಿಗೆ ಇಳಿಯಬೇಕಾದರೆ ಹೇಗೆ ಓದಬೇಕು?

ಪ್ರಶ್ನೆ: ಒಂದು ವರ್ಷದಲ್ಲಿ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸಬೇಕೆಂದು ಪಟ್ಟಿ ಹಿಡಿದು ಹೊರಟರೆ ಮೂರನೇ ಪುಸ್ತಕವಾದ ಯಾಜಕಕಾಂಡದ ಹೊತ್ತಿಗೆ ನಿಂತುಹೋಗುತ್ತದೆ. ಓದಿದ ದಿನವೂ ಆಫೀಸಿನ ಸಿಟ್ಟು, ಮನೆಯ ಕಿರಿಕಿರಿ ಹಾಗೇ ಇರುತ್ತವೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಬಿಡುವಿದೆ. ಯೋಚನೆಯೇ ಬದಲಾಗುವಂತೆ ಓದುವುದು ಹೇಗೆ? ಬಲ್ಲವರು ತಿಳಿಸಿ.

ಬೈಬಲ್ ಅಧ್ಯಯನ ಗುಂಪು ನಡೆಸುವವರು

ಬ್ರದರ್, ಮೊದಲು ಲೆಕ್ಕ ನೋಡಿ. 66 ಪುಸ್ತಕಗಳಲ್ಲಿ ಒಟ್ಟು 1189 ಅಧ್ಯಾಯ. ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ಇಪ್ಪತ್ತು ನಿಮಿಷ ಕಣ್ಣಾಡಿಸುವುದಕ್ಕೇ ಸರಿಹೋಗುತ್ತದೆ, ಯೋಚಿಸಲು ಏನೂ ಉಳಿಯದು. ಯೇಸುವಿನಿಂದ ಶುರುವಾಗುವ ಎರಡನೇ ಭಾಗ, ಹೊಸ ಒಡಂಬಡಿಕೆ, 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದರಂತೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಶನಿವಾರ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿ, ಭಾನುವಾರ ಆರಾಧನೆಯಲ್ಲಿ ಓದಿದ ಭಾಗವನ್ನೇ ಮನೆಗೆ ಬಂದು ಮತ್ತೆ ಓದಿ.

ದಿನ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ. ನಾಲ್ಕು ದಿನದ ಓದನ್ನು ಒಂದೇ ಬೆಳಿಗ್ಗೆ ಓಡಿಸುವುದರಿಂದಲೇ ಹೆಚ್ಚಿನ ಪಟ್ಟಿಗಳು ಕೆಡುವುದು. ಈವತ್ತಿನ ಭಾಗಕ್ಕೆ ಬನ್ನಿ, ಬಿಟ್ಟದ್ದು ಬಿಟ್ಟೇ ಇರಲಿ.

ನಿಮ್ಮ ಓದು ಯಾಜಕಕಾಂಡದಲ್ಲಿ ನಿಂತಿತು ಎನ್ನುತ್ತೀರಿ. ಆದರೆ ಅದು ಸೊರಗಲು ಶುರುವಾಗುವುದು ಅದರ ಹಿಂದಿನ ಪುಸ್ತಕವಾದ ವಿಮೋಚನಕಾಂಡದ 25ನೇ ಅಧ್ಯಾಯದಿಂದ, ಆರಾಧನೆಯ ಗುಡಾರದ ಅಳತೆಗಳು ಬರುವ ಜಾಗದಲ್ಲಿ. ಮೊದಲ ಸಲಕ್ಕೆ ಯಾಜಕಕಾಂಡದ 16 ಮತ್ತು 19ನೇ ಅಧ್ಯಾಯ ಸಾಕು. 16ರಲ್ಲಿ ಪಾಪಪರಿಹಾರದ ಬಲಿಯ ದಿನದ ವಿಧಿ ಇದೆ; ಅದನ್ನು ಕ್ರಿಸ್ತನ ಬಲಿಗೆ ಹೋಲಿಸುವ ಇಬ್ರಿಯರಿಗೆ ಬರೆದ ಪತ್ರದ 9, 10ರ ಪಕ್ಕದಲ್ಲಿಟ್ಟು ಓದಿ. 19ರಲ್ಲಿ ಕೂಲಿಯವನ ಸಂಬಳವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ (ವಚನ 13), ತಕ್ಕಡಿ, ತೂಕದ ಕಲ್ಲು ಸರಿಯಾಗಿರಲಿ (ವಚನ 36) ಎಂದಿದೆ. ಮನೆಕೆಲಸದವರಿಗೆ ಸಂಬಳ ಕೊಡುವ ಯಾರಿಗಾದರೂ ಅದು ಹಳೇ ಕಾಲದ ನಿಯಮ ಅನ್ನಿಸುವುದಿಲ್ಲ.

ಒಬ್ಬ ಸಭಾಪಾಲಕರು (ಪಾಸ್ಟರ್)

ಸಿಟ್ಟಿನ ವಿಷಯಕ್ಕೆ ಅಪೊಸ್ತಲ ಪೌಲನ ಎಫೆಸದವರಿಗೆ ಎಂಬ ಪತ್ರದ 4:25–32 (4ನೇ ಅಧ್ಯಾಯ, 25ರಿಂದ 32ನೇ ವಚನ) ಒಂದನ್ನೇ ತೆಗೆದುಕೊಳ್ಳಿ, ಎರಡು ವಾರ ಅಲ್ಲೇ ಇರಿ. ಪೌಲನು ಒಂದೊಂದು ವಿಷಯದಲ್ಲೂ ಏನು ಬಿಡಬೇಕು, ಆ ಜಾಗಕ್ಕೆ ಏನು ಬರಬೇಕು, ಯಾಕೆ ಎಂದು ಹೇಳುತ್ತಾ ಹೋಗುತ್ತಾನೆ. 28ನೇ ವಚನ ನೋಡಿ: ಕಳ್ಳತನ ಬಿಡು, ಸ್ವಂತ ಕೈಯಿಂದ ದುಡಿ, ಕೊರತೆಯಲ್ಲಿರುವವರಿಗೆ ಕೊಡಲು ನಿನ್ನಲ್ಲಿ ಏನಾದರೂ ಇರಬೇಕು. ಕದಿಯುವುದನ್ನು ನಿಲ್ಲಿಸಿದರೆ ಸಾಲದು, ಕಳ್ಳನು ಕೊಡುವವನಾಗಬೇಕು. ನಮ್ಮಲ್ಲಿ ಬಹಳ ಜನ ‘ಬಿಡು’ ಎನ್ನುವಲ್ಲಿಗೇ ಓದು ಮುಗಿಸುತ್ತಾರೆ. ಖಾಲಿ ಜಾಗಕ್ಕೆ ಹಳೇ ಅಭ್ಯಾಸ ತಿರುಗಿ ಬಂದು ಕೂರುತ್ತದೆ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಗೆರೆ ಎಳೆದು ಏನು ಬಿಡಬೇಕು, ಏನು ಬರಬೇಕು, ಯಾಕೆ ಎಂಬ ಮೂರನ್ನೂ ಬರೆಯಿರಿ. ಕೆಳಗೆ ಈವತ್ತಿನ ಒಂದೇ ಕೆಲಸ, ಯಾವ ಹೊತ್ತಿಗೆ, ಯಾರ ಜೊತೆ ಎನ್ನುವುದರ ಸಮೇತ. “ಸಿಟ್ಟು ಮಾಡಬಾರದು” ಎಂದು ಬರೆದರೆ ಉಪಯೋಗವಿಲ್ಲ. “ಹನ್ನೊಂದರ ಮೀಟಿಂಗಿನಲ್ಲಿ ನನ್ನ ಕೆಲಸದಲ್ಲಿ ತಪ್ಪು ತೋರಿಸಿದರೆ, ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ” ಎಂದು ಬರೆಯಿರಿ. ಕಿವಿಗೊಡುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ ಎಂಬ ಯಾಕೋಬ 1:19 ಆಗ ಕೈಗೆ ಸಿಗುವಂಥದ್ದಾಗುತ್ತದೆ. ರಾತ್ರಿ ಮಲಗುವ ಮುಂಚೆ ಆಯಿತೇ ಇಲ್ಲವೇ ಎಂದು ಒಂದು ಗುರುತು ಹಾಕಿ.

ಒಂದು ಎಚ್ಚರಿಕೆ. ಅದೇ ಪತ್ರದ 1ರಿಂದ 3ನೇ ಅಧ್ಯಾಯ ಬಿಟ್ಟು ನೇರ ನಾಲ್ಕಕ್ಕೆ ಹೋಗಬೇಡಿ. ದೇವರು ಕ್ರಿಸ್ತನಲ್ಲಿ ಮಾಡಿ ಮುಗಿಸಿದ್ದು ಅಲ್ಲಿದೆ, ನಾವು ನಡೆಯಬೇಕಾದದ್ದು ಆಮೇಲೆ. 4:32ರ ಕ್ಷಮೆಯೂ ದೇವರು ನಿಮ್ಮನ್ನು ಕ್ಷಮಿಸಿದಂತೆ ಎಂದೇ ಇದೆ. ಆ ಮೊದಲರ್ಧ ಬಿಟ್ಟವರು ಒಂದೋ ಸೋತು ಓದು ನಿಲ್ಲಿಸುತ್ತಾರೆ, ಇಲ್ಲವೇ ಬೇರೆಯವರನ್ನು ಅಳೆಯಲು ಶುರುಮಾಡುತ್ತಾರೆ.

ಸಂಡೇ ಸ್ಕೂಲ್ ಟೀಚರ್

ಪಾಸ್ಟರ್ ಹೇಳಿದ್ದಕ್ಕೆ ಬಾಯಿಪಾಠ ಸೇರಿಸುತ್ತೇನೆ. ವಾರಕ್ಕೆ ಎರಡು ವಚನ ಸಾಕು, ಆದರೆ ಬಿಡಿ ವಚನ ಬೇಡ, ಒಂದೇ ಭಾಗದ ಜೋಡಿ ವಚನ ಇರಲಿ. ಹೊಸ ವರ್ಷಕ್ಕೆ ಒಂದೇ ವಚನ ಅಚ್ಚು ಹಾಕಿ ಕೊಡುವ ವಾಗ್ದಾನದ ಕಾರ್ಡಿನಿಂದ ಆಗುವ ತೊಂದರೆ ಇದೇ. ಒಳ್ಳೆಯ ಭವಿಷ್ಯದ ಮಾತು ಕೊಡುವ ಯೆರೆಮೀಯ 29:11 ಎಲ್ಲರ ಬಾಯಲ್ಲೂ ಇದೆ. ಅದರ ಹಿಂದಿನ ವಚನದಲ್ಲೇ ಸೆರೆಯಾಗಿ ಹೋದ ಬಾಬೆಲಿನಲ್ಲಿ ಎಪ್ಪತ್ತು ವರ್ಷ ಎಂದಿದೆ. ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎನ್ನುವ ಫಿಲಿಪ್ಪಿ 4:13 ಪರೀಕ್ಷೆ ಪಾಸಾಗುವ ವಚನವಲ್ಲ. 11, 12 ಓದಿದರೆ ಹಸಿವಿನಲ್ಲೂ ಸಮೃದ್ಧಿಯಲ್ಲೂ ತೃಪ್ತಿಯಿಂದಿರುವ ಮಾತು. ವಚನದ ಸಂಖ್ಯೆಗಳನ್ನು ಅಪೊಸ್ತಲರು ಹಾಕಿದ್ದಲ್ಲ. ಹೊಸ ಒಡಂಬಡಿಕೆಗೆ ಈಗಿನ ಸಂಖ್ಯೆಗಳು ಬಂದದ್ದು 1551ರಲ್ಲಿ. ಹಾಗಾಗಿ ಸಂಖ್ಯೆ ಕಂಡಲ್ಲಿ ನಿಲ್ಲದೆ ಮಾತು ಮುಗಿಯುವವರೆಗೆ ಓದಿ, ಜೋರಾಗಿ ಓದಿ. ಹಳೆಯ ಅನುವಾದದ ವಾಕ್ಯ ಉದ್ದವಾಗಿ ಕಂಡರೆ ಸರಳ ಅನುವಾದವನ್ನು ಪಕ್ಕಕ್ಕಿಟ್ಟುಕೊಳ್ಳಿ.

ಧರ್ಮಕೇಂದ್ರದಲ್ಲಿ ಬೈಬಲ್ ತರಗತಿ ನಡೆಸುವ ಕಥೋಲಿಕರು

ನಮ್ಮಲ್ಲಿ ಅಂದಂದಿನ ಪೂಜೆಯ ವಾಚನಗಳೇ ಪಟ್ಟಿ, ಆಯ್ಕೆಯ ತಲೆನೋವಿಲ್ಲ. ಓದುವ ಕ್ರಮಕ್ಕೆ 12ನೇ ಶತಮಾನದ ಸನ್ಯಾಸಿ ಎರಡನೆಯ ಗ್ವೀಗೊ ಹೇಳಿದ ನಾಲ್ಕು ಮೆಟ್ಟಿಲು ಇವೆ: ಓದು, ಮನನ, ಪ್ರಾರ್ಥನೆ, ಮೌನಧ್ಯಾನ. ಇಪ್ಪತ್ತು ನಿಮಿಷವನ್ನು ಸಮನಾಗಿ ಹಂಚಬೇಕಿಲ್ಲ. ಹತ್ತು ವಚನವನ್ನು ಎರಡು ಸಲ ಓದಲು ಐದು ನಿಮಿಷ, ತಟ್ಟಿದ ಒಂದು ಮಾತಿನ ಮನನಕ್ಕೆ ಏಳೆಂಟು, ಉಳಿದದ್ದು ಪ್ರಾರ್ಥನೆಗೆ, ಮೌನಕ್ಕೆ. ಪ್ರಾರ್ಥನೆಗೆ ಮಾತು ಹೊಳೆಯದಿದ್ದರೆ 13ನೇ ಕೀರ್ತನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಿ: ಆರೇ ವಚನ, ಮೊದಲೆರಡು ದೂರು, ಮುಂದಿನೆರಡು ಬೇಡಿಕೆ, ಕಡೆಯೆರಡು ಭರವಸೆ. ದೂರು ಹೇಳುವುದು ಅವಿಶ್ವಾಸ ಎಂದುಕೊಂಡು ಅದನ್ನು ಹಾರಿಸಬೇಡಿ.

ಮತ್ತೊಬ್ಬರು

ಮನೆಯ ಕಿರಿಕಿರಿ ಅಂದಿರಲ್ಲ, ಆ ಬಗ್ಗೆ. ಬೆಳಿಗ್ಗೆ ಓದಿದ ವಚನವನ್ನು ಸಂಜೆ ಹೆಂಡತಿಗೆ ಬೋಧಿಸಿದರೆ ಅಲ್ಲಿಗೆ ಮುಗಿಯಿತು! ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎನ್ನುವ ಎಫೆಸ 5:22 ಬಾಯಿಪಾಠ ಇರುವ ಗಂಡಸರಿಗೆ, ಗಂಡನು ಹೆಂಡತಿಯನ್ನು ಪ್ರೀತಿಸಲಿ ಎನ್ನುವ 25 ನೆನಪಿರುವುದಿಲ್ಲ. ಜ್ಞಾನೋಕ್ತಿಗಳು ಎಂಬ ಪುಸ್ತಕದ ಮಾತುಗಳನ್ನೂ ಕಣ್ಣುಮುಚ್ಚಿ ಪ್ರಯೋಗಿಸಬೇಡಿ. 26:4 ಮೂಢನಿಗೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಎರಡನ್ನೂ ಬೇಕೆಂದೇ ಅಕ್ಕಪಕ್ಕ ಇಟ್ಟಿದ್ದಾರೆ. ಯಾವುದು ಯಾವಾಗ ಎಂದು ತೂಗಿ ನೋಡುವ ಅಭ್ಯಾಸವೇ ಆ ಪುಸ್ತಕ ಕಲಿಸುವ ಜ್ಞಾನ. 31 ಅಧ್ಯಾಯ ಇವೆ, ತಾರೀಖಿಗೆ ಒಂದರಂತೆ ಓದುವ ರೂಢಿ ಚೆನ್ನಾಗಿದೆ. ಆದರೆ ಅದು ಮುಖ್ಯ ಓದಿನ ಬದಲಿಗಲ್ಲ, ರಾತ್ರಿ ಊಟದ ನಂತರ ಮನೆಯವರೆಲ್ಲ ಒಟ್ಟಿಗೆ ಕೂತು ಸರದಿಯಂತೆ ಓದಲಿ. ನಿಮ್ಮ ಸರದಿ ಕೊನೆಯದಾಗಿರಲಿ.